‘ಭಯಭಕ್ತಿ’ ಎಂಬ ಜೋಡುನುಡಿ

ಹೊನ್ನಾಳಿಯ ಕಡೆಯ ಹಳ್ಳಿಯೊಂದರಲ್ಲಿ ಪುಟ್ಟ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ತಾಯಿಯೊಬ್ಬರು ಬಲಿಪೂಜೆ ಮುಗಿದ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. “ಫಾದರ್, ನನ್ನ ಮಗನಿಗೆ ಒಂದಿಷ್ಟು ದೇವರ ಭಯ ಹೇಳಿಕೊಡಿ. ಅವನು ಯಾರಿಗೂ ಹೆದರೋದಿಲ್ಲ” ಎಂದರು. ಹುಡುಗ ಹತ್ತನೆಯ ತರಗತಿಯವನು. ಓದಿನಲ್ಲಿ ಮನಸ್ಸಿಲ್ಲ, ಮೊಬೈಲು ಕೈಬಿಡುವುದಿಲ್ಲ, ಎದುರು ಮಾತನಾಡುತ್ತಾನೆ, ಇವು ದೂರುಗಳು. ನಾನು ತಲೆಯಾಡಿಸಿ ಬಂದೆ. ಆದರೆ ದಾರಿಯುದ್ದಕ್ಕೂ ಅವರ ಮಾತು ನನ್ನನ್ನು ಬಿಡಲಿಲ್ಲ. ಅವರು ಬೇಡಿದ್ದು ದೇವರ ಭಯವನ್ನೇ, ಅಥವಾ ದೇವರ ಹೆಸರಿನಲ್ಲಿ ತಾಯಿಯ ಭಯವನ್ನೇ? ಪೊಲೀಸರ ಭಯ, ಮೇಷ್ಟ್ರ ಭಯ, ಸಾಲ ಕೊಟ್ಟವನ ಭಯ ಎನ್ನುವಲ್ಲಿಯೂ ಅದೇ ಪದ, ದೇವರ ಭಯ ಎನ್ನುವಲ್ಲಿಯೂ ಅದೇ ಪದ. ಮಾತು ಒಂದೇ ಆಗಿರುವಾಗ ಅರ್ಥವೂ ಒಂದೇ ಎಂದು ಜನ ತಿಳಿದರೆ ತಪ್ಪು ಜನರದಲ್ಲ.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾನು ಸಿರಾಖನ ಗ್ರಂಥವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಬೆಸಸಂಖ್ಯೆಯ ವರ್ಷಗಳಲ್ಲಿ, ಸಾಧಾರಣ ಕಾಲದ 7 ಮತ್ತು 8ನೆಯ ವಾರದ ದಿನಪೂಜೆಗಳಲ್ಲಿ, ನಾವು ಇದನ್ನು ಕೇಳುತ್ತೇವೆ. ಪವಿತ್ರ ಕುಟುಂಬದ ಹಬ್ಬದಂದು ತಂದೆತಾಯಿಯರನ್ನು ಗೌರವಿಸುವ ಕುರಿತು ಓದುವ ವಾಚನವೂ ಇದರದೇ. ಆದರೂ ನಮ್ಮ ಮನೆಗಳಲ್ಲಿ ಇದನ್ನು ತೆರೆದು ಓದುವವರು ಕಡಿಮೆ. ಅದಕ್ಕೆ ಚರಿತ್ರೆಯ ಕಾರಣವೂ ಇದೆ. ಕನ್ನಡದಲ್ಲಿ ಪೂರ್ಣ ಬೈಬಲ್ ಮೊದಲು ಹೊರಬಂದದ್ದು 1831ರಲ್ಲಿ, ಜಗಳೂರಿನ ಸೀಮೆಗೆ ಅಷ್ಟೇನೂ ದೂರವಲ್ಲದ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಆ ಪರಂಪರೆಯ ಬೈಬಲಿನಲ್ಲಿ ಸಿರಾಖನಿಗೆ ಸ್ಥಳವಿರಲಿಲ್ಲ. ಹೀಗಾಗಿ ಕನ್ನಡದ ಕಿವಿಗೆ ಜ್ಞಾನೋಕ್ತಿಗಳು ಹಳೆಯ ಪರಿಚಯ, ಸಿರಾಖನು ತಡವಾಗಿ ಬಂದ ನೆಂಟ.

ಗ್ರಂಥದ ಹುಟ್ಟೇ ಅನುವಾದದ ಕಥೆ. ಕ್ರಿಸ್ತಪೂರ್ವ 180ರ ಸುಮಾರಿಗೆ ಜೆರುಸಲೇಮಿನ ಉಪಾಧ್ಯಾಯನೊಬ್ಬ ಹೀಬ್ರೂ ಭಾಷೆಯಲ್ಲಿ ಇದನ್ನು ಬರೆದ. ಕ್ರಿಸ್ತಪೂರ್ವ 132ರ ನಂತರ ಅವನ ಮೊಮ್ಮಗ ಈಜಿಪ್ಟಿಗೆ ಹೋಗಿ ನೆಲಸಿ ಅದನ್ನು ಗ್ರೀಕಿಗೆ ತಿರುಗಿಸಿದ. ಆ ಮೊಮ್ಮಗ ಬರೆದ ಮುನ್ನುಡಿ ನನಗೆ ಬಹಳ ಪ್ರಿಯ. ಒಂದು ಭಾಷೆಯಲ್ಲಿ ಹೇಳಿದ್ದು ಇನ್ನೊಂದಕ್ಕೆ ಬಂದಾಗ ಅದೇ ಬಲ ಉಳಿಯುವುದಿಲ್ಲ, ಎಲ್ಲಿಯಾದರೂ ಎಡವಿದ್ದರೆ ಮನ್ನಿಸಿ ಎಂದು ಅವನು ಓದುಗರನ್ನು ಕೇಳಿಕೊಳ್ಳುತ್ತಾನೆ. ಪವಿತ್ರಗ್ರಂಥದ ಅಂಗವಾಗಿಯೇ ಉಳಿದುಬಂದ ಇಂಥ ವಿನಯ ಅಪರೂಪ. ಮೂಲ ಹೀಬ್ರೂ ಪ್ರತಿ ಶತಮಾನಗಳ ಕಾಲ ಕಾಣೆಯಾಗಿ, ಅದರ ಹಾಳೆಗಳು ಕೈರೋ ನಗರದ ಹಳೆಯ ಯೆಹೂದ್ಯ ಪ್ರಾರ್ಥನಾಲಯದ ಉಗ್ರಾಣದ ರಾಶಿಯೊಳಗಿನಿಂದ ಬಂದವೆಂದು ವಿದ್ವಾಂಸರು ಗುರುತಿಸಿದ್ದು 1896ರಲ್ಲಿ.

ಈ ಗ್ರಂಥದ ಮೊದಲ ಅಧ್ಯಾಯ ದೇವರ ಭಯವೆಂಬ ಮಾತಿನ ಸುತ್ತಲೇ ಪ್ರದಕ್ಷಿಣೆ ಹಾಕುತ್ತದೆ. ಅದು ಜ್ಞಾನದ ಆರಂಭ, ಅದೇ ಜ್ಞಾನದ ಪೂರ್ಣತೆ, ಅದೇ ಕಿರೀಟ, ಅದೇ ಬೇರು. ಮೊದಲ ಓದಿಗೆ ಇದು ಹೊಗಳಿಕೆಯ ಪುನರುಕ್ತಿಯಂತೆ ಕಾಣುತ್ತದೆ. ನಿಧಾನವಾಗಿ ಓದಿದರೆ ಹಾಗಲ್ಲ. ಆರಂಭವೆಂದರೆ ದಾಟಿಹೋಗುವ ಹೊಸ್ತಿಲು, ಬೇರು ಎಂದರೆ ಬಿಟ್ಟುಹೋಗಲಾರದ್ದು. ಮಗ್ಗಿ ಕಲಿತ ಮೇಲೆ ಸ್ಲೇಟು ಮೂಲೆಗೆ ಬಿಡಬಹುದು. ಅಡಿಕೆಮರ ಎಷ್ಟೇ ಎತ್ತರಕ್ಕೆ ಹೋದರೂ ಬೇರನ್ನು ಮೂಲೆಗಿಡಲಾಗದು. ನಮ್ಮ ಕನ್ನಡದ ‘ಮೂಲ’ ಎಂಬ ಪದಕ್ಕೆ ಆದಿ, ಬೇರು ಎರಡೂ ಅರ್ಥವಿರುವುದು ಈ ಅಧ್ಯಾಯದ ಮಟ್ಟಿಗೆ ಭಾಗ್ಯವೇ ಸರಿ. ಚನ್ನಗಿರಿಯ ತೋಟದವರಿಗೆ ಇದನ್ನು ವ್ಯಾಖ್ಯಾನಿಸುವ ಅಗತ್ಯವೇ ಇಲ್ಲ. ಬೇರುಹುಳ ಹಿಡಿದ ಮರದ ಸೋಗೆ ಮೊದಲ ದಿನವೇ ಒಣಗುವುದಿಲ್ಲವೆಂದು ಅವರಿಗೆ ಗೊತ್ತು.

ಇನ್ನೊಂದು ಸಂಗತಿ. ಅದೇ ಅಧ್ಯಾಯದಲ್ಲಿ ಈ ಭಯದ ಫಲವೆಂದು ಗ್ರಂಥಕರ್ತ ಹೇಳುವುದು ಹರ್ಷ, ಸಂತೋಷ, ದೀರ್ಘಾಯುಸ್ಸು. ಪೊಲೀಸರ ಭಯದಿಂದ ಯಾರಿಗೆ ಹರ್ಷವಾದೀತು? ಎರಡನೆಯ ಅಧ್ಯಾಯದಲ್ಲಂತೂ ದೇವರಿಗೆ ಅಂಜುವವರು ಎಂದ ಬೆನ್ನಿಗೇ ದೇವರನ್ನು ಪ್ರೀತಿಸುವವರು ಎನ್ನುತ್ತಾನೆ, ಒಂದೇ ಪದ್ಯದ ಎರಡು ಸಾಲುಗಳಲ್ಲಿ. ಹೀಬ್ರೂ ಕಾವ್ಯದ ರೀತಿ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಎರಡನೆಯ ಸಾಲು ಮೊದಲನೆಯದನ್ನು ಬೇರೆ ಬೆಳಕಿನಲ್ಲಿ ತೋರಿಸುತ್ತದೆ. ಭಯವೆಂದರೇನೆಂದು ಆತ ಸ್ವತಃ ಹೇಳಿಬಿಟ್ಟಿದ್ದಾನೆ, ನಾವೇ ಮುಂದಿನ ಸಾಲನ್ನು ಓದುವುದಿಲ್ಲ.

ಹೀಬ್ರೂವಿನ ‘ಯಿರಾ’ ಎಂಬ ಪದದೊಳಗೆ ನಡುಕವೂ ಇದೆ, ನಮನವೂ ಇದೆ. ಈ ಪದ ಅನುವಾದಕರನ್ನು ಬಹಳ ಕಾಡಿದೆ. ದೃಢೀಕರಣ ಸಂಸ್ಕಾರಕ್ಕೆ ಮಕ್ಕಳನ್ನು ಸಿದ್ಧಪಡಿಸುವಾಗ ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಮಾಡಿಸುತ್ತೇವಲ್ಲವೆ? ಅದರ ಆಧಾರವಾದ ಯೆಶಾಯನ 11ನೆಯ ಅಧ್ಯಾಯದ ಹೀಬ್ರೂ ಪಾಠದಲ್ಲಿ ಏಳು ಇಲ್ಲ, ಆರೇ ಇವೆ. ದೇವರ ಭಯವೆಂಬ ಮಾತು ಮಾತ್ರ ಎರಡು ಸಲ ಬಂದಿದೆ. ಗ್ರೀಕ್ ಅನುವಾದಕರು ಮೊದಲನೆಯ ಸಲ ಅದನ್ನು ಭಕ್ತಿಯೆಂದೂ ಎರಡನೆಯ ಸಲ ಭಯವೆಂದೂ ತಿರುಗಿಸಿದರು. ಲ್ಯಾಟಿನ್ ಪಾಠ ಅದನ್ನೇ ಅನುಸರಿಸಿತು. ಹೀಗೆ ಆರು ಏಳಾಯಿತು. ಗುರುಮಠದಲ್ಲಿ ಇದನ್ನು ಕೇಳಿದಾಗ ನನಗೆ ಇದು ಅನುವಾದದ ಆಕಸ್ಮಿಕದಂತೆ ಕಂಡಿತ್ತು. ಈಗ ಹಾಗನಿಸುವುದಿಲ್ಲ. ಆ ಒಂದು ಪದವನ್ನು ಒಂದೇ ಪದದಲ್ಲಿ ಹಿಡಿಯಲಾಗದೆ ಅವರು ಅದನ್ನು ಎರಡಾಗಿ ಹೇಳಿದರು. ಕನ್ನಡವಾದರೋ ಆ ಎರಡನ್ನೂ ಮತ್ತೆ ಕೂಡಿಸಿ ‘ಭಯಭಕ್ತಿ’ ಎಂದಿತು. ನಮ್ಮ ಹಳ್ಳಿಗಳಲ್ಲಿ ಇದು ಕ್ರೈಸ್ತರ ಪದವೂ ಅಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ದೂರದೂರದಿಂದ ಬರುವ ಬಂಜಾರ ಯಾತ್ರಿಕರನ್ನು ಕಂಡು ಅಕ್ಕಪಕ್ಕದವರು ಆಡುವುದೂ ಇದೇ ಮಾತು: ಎಂಥ ಭಯಭಕ್ತಿ ನೋಡಿ! ಅಲ್ಲಿ ಯಾರಿಗೂ ಹೆದರಿಕೆಯ ನೆನಪಾಗುವುದಿಲ್ಲ.

ಹೀಗಿರುವಾಗ ಹಳೆಯ ಸತ್ಯವೇದದ ಅನುವಾದ ಕೇವಲ ಭಯವೆಂದು ನಿಲ್ಲಿಸಿದ್ದು ಕೊರತೆಯೆಂದೇ ನನ್ನ ಅಭಿಪ್ರಾಯ. ಅಕ್ಷರಕ್ಕೆ ನಿಷ್ಠೆಯಿದೆ, ಒಪ್ಪೋಣ. ಕಿವಿಗೆ ಮಾತ್ರ ಅರ್ಧ ತಲಪುತ್ತದೆ. ಆದರೆ ಇದಕ್ಕಿಂತ ದೊಡ್ಡ ದೋಷ ಇತ್ತೀಚಿನ ನಮ್ಮ ಪ್ರಬೋಧನೆಗಳದು ಎನ್ನಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಭಯವೆಂಬ ಪದ ಬಂದ ಕೂಡಲೇ ‘ಇದರ ಅರ್ಥ ಪ್ರೀತಿಯಷ್ಟೇ’ ಎಂದು ಸಮಾಧಾನ ಹೇಳಿ ಮುಂದಕ್ಕೆ ಹೋಗುತ್ತೇವೆ. ನಡುಕವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿಯುವ ದೇವರು ಹುಟ್ಟುಹಬ್ಬದ ಶುಭಾಶಯದಂತಿರುತ್ತಾನೆ. ಯಾರಿಗೂ ಅಡ್ಡಬರುವುದಿಲ್ಲ, ತಕ್ಕಡಿಯ ಬಳಿ ನಿಲ್ಲುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2014ರ ಜೂನ್ 11ರಂದು ಪವಿತ್ರಾತ್ಮರ ವರಗಳ ಕುರಿತ ತಮ್ಮ ಉಪದೇಶಮಾಲೆಯನ್ನು ಮುಗಿಸಿದ್ದು ಈ ದೈವಭೀತಿಯ ವರದೊಂದಿಗೆ. ದೇವರಿಗೆ ಹೆದರಿ ಅಡಗುವುದಲ್ಲ ಎಂದು ಅವರು ಆರಂಭಿಸಿದರು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಲಂಚಕೋರರಿಗೆ, ಮನುಷ್ಯರನ್ನು ಮಾರಿ ಬದುಕುವವರಿಗೆ, ಆಯುಧ ತಯಾರಿಸುವವರಿಗೆ ಇದೇ ವರ ಎಚ್ಚರಿಕೆಯ ಗಂಟೆಯೆಂದೂ ಹೇಳಿದರು. ಆ ಎರಡನೆಯ ಅರ್ಧವನ್ನು ನಾವು ಅಷ್ಟಾಗಿ ಎತ್ತಿ ಆಡುವುದಿಲ್ಲ.

ಸಿರಾಖನ ಗ್ರಂಥದ ಸೊಗಸಿರುವುದು ಈ ಭಯಭಕ್ತಿಯನ್ನು ಅವನು ದೇವಾಲಯದೊಳಗೇ ಕೂಡಿಹಾಕದೆ ಇರುವುದರಲ್ಲಿ. ಊಟದ ಪಂಕ್ತಿಯಲ್ಲಿ ಹೇಗೆ ಕೈಚಾಚಬೇಕು, ಗೆಳೆಯನನ್ನು ಎಷ್ಟು ದಿನ ನೋಡಿ ನಂಬಬೇಕು, ಬೇರೆಯವರ ಸಾಲಕ್ಕೆ ಜಾಮೀನು ನಿಲ್ಲಬಹುದೇ, ಬಡವನು ಬಾಗಿಲಿಗೆ ಬಂದಾಗ ಮುಖ ತಿರುಗಿಸಿದರೆ ಏನಾಗುತ್ತದೆ, ಎಲ್ಲವೂ ಇಲ್ಲಿದೆ. ವ್ಯಾಪಾರದ ಬಗೆಗೆ ಅವನ ಮಾತು ಕಟುವಾದದ್ದು. ಕಲ್ಲುಗಳ ಸಂದಿಯಲ್ಲಿ ಗೂಟ ಸಿಕ್ಕಿಕೊಳ್ಳುವಂತೆ ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವೆ ಪಾಪ ಸಿಕ್ಕಿಕೊಂಡಿರುತ್ತದಂತೆ. ಮೆಕ್ಕೆಜೋಳದ ಚೀಲವನ್ನು ತೂಕಕ್ಕೆ ಹಾಕುವ ಜಗಳೂರಿನ ರೈತನಿಗೂ, ಒದ್ದೆ ಅಡಿಕೆಯನ್ನು ಒಣ ಅಡಿಕೆಯೊಂದಿಗೆ ಬೆರೆಸಲು ಮನಸ್ಸು ಮಾಡುವ ಬೆಳೆಗಾರನಿಗೂ, ಅದನ್ನು ಕಂಡೂ ಕಾಣದಂತೆ ಬೆಲೆ ಮುರಿಯುವ ವರ್ತಕನಿಗೂ ಆ ಗೂಟ ಎಲ್ಲಿದೆಯೆಂದು ಚೆನ್ನಾಗಿ ಗೊತ್ತು.

ವೈದ್ಯರ ಕುರಿತ 38ನೆಯ ಅಧ್ಯಾಯವನ್ನು ನಾನು ರೋಗಿಗಳ ಮನೆಗಳಲ್ಲಿ ಹಲವು ಸಲ ಓದಿದ್ದೇನೆ. ಪ್ರಾರ್ಥಿಸು, ವೈದ್ಯನನ್ನೂ ಕರೆ, ಔಷಧವನ್ನು ಭೂಮಿಯಿಂದ ಹುಟ್ಟಿಸಿದವನೂ ದೇವರೇ ಎಂಬುದು ಅಲ್ಲಿನ ತಾತ್ಪರ್ಯ. ಪ್ರಾರ್ಥನೆ ಮಾಡಿಸಿದ್ದೇವೆಂದು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವವರು ಈಗಲೂ ಇದ್ದಾರೆ. ಅವರಿಗೆ ಅದು ಹೆಚ್ಚಿನ ಭಕ್ತಿಯಂತೆ ತೋರುತ್ತದೆ. ಸಿರಾಖನ ಲೆಕ್ಕದಲ್ಲಿ ಅದು ಭಯಭಕ್ತಿಯ ಕೊರತೆ.

ಈ ಗ್ರಂಥದ ಒಂದು ಪುಟ ಚರಿತ್ರೆಯನ್ನು ಮುಟ್ಟಿದ ಬಗೆಯನ್ನು ಹೇಳಲೇಬೇಕು. ಬಡವನ ಜೀವನೋಪಾಯ ಕಿತ್ತುಕೊಳ್ಳುವವನು ಕೊಲೆಗಾರ, ಕೂಲಿ ಕೊಡದೆ ವಂಚಿಸುವವನು ರಕ್ತ ಹರಿಸಿದವನು ಎಂದು 34ನೆಯ ಅಧ್ಯಾಯ ಹೇಳುತ್ತದೆ. 1514ರಲ್ಲಿ ಕ್ಯೂಬಾ ದ್ವೀಪದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಸ್ಪ್ಯಾನಿಷ್ ಯಾಜಕರು ಪ್ರಬೋಧನೆಗೆ ಸಿದ್ಧತೆ ಮಾಡಿಕೊಳ್ಳುತ್ತಾ ಈ ಅಧ್ಯಾಯವನ್ನು ಓದಿದರು. ಅವರಿಗೆ ಆಗ ಜಮೀನಿತ್ತು, ಬಿಟ್ಟಿ ದುಡಿಯಲು ವಶಕ್ಕೆ ಕೊಟ್ಟಿದ್ದ ಅಲ್ಲಿನ ಮೂಲನಿವಾಸಿಗಳಿದ್ದರು. ಓದಿದ್ದನ್ನು ದಾಟಿ ಮುಂದಕ್ಕೆ ಹೋಗಲು ಅವರಿಗೆ ಆಗಲಿಲ್ಲ. ಆ ಜನರನ್ನು ಬಿಟ್ಟುಕೊಟ್ಟರು, ಉಳಿದ ಆಯುಸ್ಸನ್ನೆಲ್ಲ ಅವರ ಪರವಾಗಿ ವಾದಿಸುವುದರಲ್ಲಿ ಕಳೆದರು. ಗ್ರಂಥಕರ್ತ ಹೇಳುವ ಭಯ ಯಾವುದೆಂದು ನನಗೆ ಇದಕ್ಕಿಂತ ಚೆನ್ನಾಗಿ ತೋರಿಸಿದ ವ್ಯಾಖ್ಯಾನ ಬೇರೆಯಿಲ್ಲ. ಅದೇ 34ನೆಯ ಅಧ್ಯಾಯದಲ್ಲಿ, ಕೆಲವೇ ವಚನಗಳ ಹಿಂದೆ, ದೇವರಿಗೆ ಅಂಜುವವನು ಇನ್ನಾವುದಕ್ಕೂ ಎದೆಗುಂದನು ಎಂಬ ಭಾವದ ಮಾತಿದೆ. ವಿಮೋಚನಾಕಾಂಡದ ಇಬ್ಬರು ಸೂಲಗಿತ್ತಿಯರು ದೇವರಿಗೆ ಅಂಜಿದ್ದರಿಂದಲೇ ಫರೋಹನಿಗೆ ಅಂಜದೆ ಹೋದರು. ಆ ಹೊನ್ನಾಳಿಯ ತಾಯಿಗೆ ನಾನು ಇದನ್ನು ಹೇಳಿದ್ದರೆ ಅವರು ಇನ್ನಷ್ಟು ಗಾಬರಿಯಾಗುತ್ತಿದ್ದರೋ ಏನೋ!

ಜ್ಞಾನಸಾಹಿತ್ಯದ ಮಾತು ಬಂದಾಗ ಹೊನ್ನಾಳಿಗೆ ಹೆಚ್ಚು ದೂರವಲ್ಲದ ಮಾಸೂರು, ಅಬಲೂರುಗಳ ಹೆಸರಿನೊಂದಿಗೆ ಬೆಸೆದುಕೊಂಡ ಸರ್ವಜ್ಞನನ್ನು ಮರೆಯುವಂತಿಲ್ಲ. ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ಅವನ ತ್ರಿಪದಿಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಗ್ರಂಥರೂಪದಲ್ಲಿ ಕೊಟ್ಟವರು ಕ್ರೈಸ್ತ ಪಾದ್ರಿಯೊಬ್ಬರು, ಬಾಸೆಲ್ ಮಿಷನ್ನಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರದಾಯಿತು. ತಮ್ಮ ಕ್ರಿಸ್ತನಿಷ್ಠೆಯನ್ನು ಎಳ್ಳಷ್ಟೂ ಬಿಡದೆ, ನೆರೆಯವರ ಅರಿವಿನ ಭಂಡಾರವನ್ನು ಇಷ್ಟು ಗೌರವದಿಂದ ಕಾಪಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಕಥೋಲಿಕ ಮನೆಗಳಲ್ಲಿ ಅವರ ಹೆಸರು ಕೇಳಿಬರದಿರುವುದು ನನಗೆ ಬೇಸರದ ವಿಷಯ.

ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಲಾಭದಾಯಕ. ಇಬ್ಬರೂ ಅಡುಗೆಮನೆ, ಸಂತೆ, ಹೊಲ, ಸಾಲ, ಜಂಬ, ಸಾವು ಇವುಗಳನ್ನೇ ನೋಡಿ ಮಾತಾಡಿದವರು. ಆದರೆ ನಿಂತ ನೆಲ ಬೇರೆ. ಸಿರಾಖನು ಸಭೆಯಲ್ಲಿ ಆಸನವುಳ್ಳ ಪಂಡಿತ. 38ನೆಯ ಅಧ್ಯಾಯದ ಕೊನೆಯಲ್ಲಿ ಉಳುವವನನ್ನು, ಕಮ್ಮಾರನನ್ನು, ಚಕ್ರದ ಮುಂದೆ ಕುಳಿತ ಕುಂಬಾರನನ್ನು ಎಷ್ಟು ಸೊಗಸಾಗಿ ಚಿತ್ರಿಸುತ್ತಾನೆ! ಇವರಿಲ್ಲದೆ ಊರೇ ಇಲ್ಲವೆನ್ನುತ್ತಾನೆ, ಮರುಕ್ಷಣವೇ ಇವರನ್ನು ನ್ಯಾಯಸಭೆಗೆ ಯಾರೂ ಕರೆಯುವುದಿಲ್ಲವೆಂದೂ ಹೇಳಿಬಿಡುತ್ತಾನೆ. ಸರ್ವಜ್ಞನಾದರೋ ಐತಿಹ್ಯದ ಪ್ರಕಾರ ಕುಂಬಾರ ಮಾಳಿಯ ಮಗ, ಆಸನವಿಲ್ಲದ ಅಲೆಮಾರಿ. ತನ್ನ ಹೆಸರಿನ ಹಿಂದೆ ಗರ್ವವಿಲ್ಲ, ಕಂಡವರಿಂದ ಕಲಿತ ಮಾತುಗಳ ಋಣವಿದೆಯೆಂದು ಒಪ್ಪಿಕೊಂಡವನು. ಸಭೆಗೆ ಕರೆಯದ ಕುಂಬಾರನ ಮನೆಯಿಂದಲೇ ಜ್ಞಾನ ಎದ್ದುಬಂದದ್ದನ್ನು ಕಂಡಿದ್ದರೆ ಜೆರುಸಲೇಮಿನ ಪಂಡಿತ ಏನೆನ್ನುತ್ತಿದ್ದನೋ! ನಜರೇತಿನ ಬಡಗಿಯ ಕುರಿತು ಇವನಿಗೆ ಈ ಬುದ್ಧಿ ಎಲ್ಲಿಂದ ಬಂತೆಂದು ಊರವರು ಕೇಳಿದ್ದೂ ಅದೇ ಧಾಟಿಯಲ್ಲಿ. ಪ್ರಭುವು ಸಿರಾಖನ ಪರಂಪರೆಯ ವಾರಸುದಾರ ಹೌದು, ಅದರ ತಿದ್ದುಪಡಿಯೂ ಹೌದು.

ತಿದ್ದುಪಡಿ ಬೇಕಾದ ಎಡೆಗಳು ಇನ್ನೂ ಇವೆ. ಸ್ತ್ರೀಯರ ಕುರಿತ ಸಿರಾಖನ ಕೆಲವು ವಚನಗಳನ್ನು ನಾನು ದೇವಾಲಯದಲ್ಲಿ ಓದಲಾರೆ. ಹೆಣ್ಣಿನ ಒಳ್ಳೆಯತನಕ್ಕಿಂತ ಗಂಡಿನ ಕೆಟ್ಟತನವೇ ಮೇಲೆಂಬ ಅರ್ಥದ ಮಾತೊಂದು 42ನೆಯ ಅಧ್ಯಾಯದಲ್ಲಿದೆ. ಕತ್ತೆಗೆ ಹೊರೆಯೂ ದೊಣ್ಣೆಯೂ ಇರುವಂತೆ ಆಳಿಗೆ ಶಿಕ್ಷೆಯೂ ದುಡಿಮೆಯೂ ತಕ್ಕದ್ದೆಂದು 33ನೆಯ ಅಧ್ಯಾಯ, ಮಗನನ್ನು ಹೊಡೆದು ಬಗ್ಗಿಸೆಂದು 30ನೆಯದು. ಇವನ್ನು ಕಾಲಧರ್ಮವೆಂದು ಜಾರಿಕೊಳ್ಳುವುದು ಸುಲಭ. ಕಾಲಧರ್ಮ ಹೌದು. ಆದರೆ ಅದಷ್ಟೇ ಉತ್ತರವಾದರೆ ಅದೇ ಸಾಲುಗಳನ್ನು ಹಿಡಿದು ಹೆಂಡತಿಯ ಮೇಲೆ ಕೈಯೆತ್ತುವವನಿಗೆ ನಾವೇನು ಹೇಳೋಣ? ‘ಮನೆಯಲ್ಲಿ ಒಂದು ಭಯ ಇರಬೇಕು ಫಾದರ್’ ಎಂದು ಕುಡಿದ ಬಾಯಿಂದ ನನಗೆ ಹೇಳಿದವರಿದ್ದಾರೆ. ನನ್ನ ಉತ್ತರ ಇದೇ ಗ್ರಂಥದೊಳಗಿನದು. ದೇವರಿಗೆ ಸಲ್ಲುವ ಭಯವನ್ನು ತನಗೆ ಸಲ್ಲಿಸಿಕೊಳ್ಳುವ ಮನುಷ್ಯ ಮೊದಲ ಅಧ್ಯಾಯದಲ್ಲಿಯೇ ಸೋತಿದ್ದಾನೆ. ವಿಧವೆಯ ಕೆನ್ನೆಯ ಮೇಲಿನ ಕಣ್ಣೀರು ಅದನ್ನು ಸುರಿಸುವಂತೆ ಮಾಡಿದವನ ವಿರುದ್ಧ ಕೂಗುತ್ತದೆಂದು 35ನೆಯ ಅಧ್ಯಾಯದಲ್ಲಿ ಬರೆದವನೂ ಈ ಸಿರಾಖನೇ. ಗ್ರಂಥದ ಬೇರಿನಿಂದಲೇ ಗ್ರಂಥದ ಒಣಗಿದ ರೆಂಬೆಗಳನ್ನು ಅಳೆಯಬೇಕೆಂಬುದು ನನ್ನ ನಿಲುವು.

ನಾನೂ ಇದರಲ್ಲಿ ಎಡವಿದವನೇ. ಯಾಜಕದೀಕ್ಷೆಯ ಮೊದಲ ವರ್ಷಗಳಲ್ಲಿ, ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವಾಗ, ಪಾಪವನ್ನು ಮುಚ್ಚಿಟ್ಟು ಪ್ರಸಾದ ಸ್ವೀಕರಿಸಿದವರ ಗತಿಯನ್ನು ಬಣ್ಣಬಣ್ಣವಾಗಿ ವರ್ಣಿಸಿದ್ದೆ. ತರಗತಿ ಸದ್ದಿಲ್ಲದೆ ಕೇಳುತ್ತಿತ್ತು, ನನಗೆ ಹೆಮ್ಮೆಯೆನಿಸಿತ್ತು. ಆ ಭಾನುವಾರ ಒಬ್ಬ ಬಾಲಕ ಬರಲಿಲ್ಲ. ಅಜ್ಜಿಯ ಡಬ್ಬಿಯಿಂದ ನಾಲ್ಕಾಣೆ ತೆಗೆದಿದ್ದನ್ನು ಹೇಳಲು ಹೆದರಿ, ಹೇಳದೆ ಪ್ರಸಾದ ಸ್ವೀಕರಿಸಲೂ ಹೆದರಿ, ಜ್ವರದ ನೆವ ಹೇಳಿ ಮಲಗಿದ್ದನಂತೆ. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವನ ಮದುವೆಯ ಸಿದ್ಧತೆಗೆಂದು ಅವನೇ ಬಂದು ನಗುತ್ತಾ ಹೇಳಿದಾಗ. ನಾನು ನಗಲಿಲ್ಲ. ಸಂತ ಅಗಸ್ಟೀನರು ಎರಡು ಬಗೆಯ ಭಯವನ್ನು ಇಬ್ಬರು ಹೆಂಡತಿಯರ ಹೋಲಿಕೆಯಿಂದ ವಿವರಿಸುತ್ತಾರೆ. ದಾರಿತಪ್ಪಿದವಳಿಗೆ ಗಂಡ ಬಂದುಬಿಟ್ಟಾನೆಂಬ ಭಯ, ನಿಷ್ಠಳಾದವಳಿಗೆ ಅವನೆಲ್ಲಿ ದೂರವಾದಾನೋ ಎಂಬ ಭಯ. ನಾನು ಆ ಮಗುವಿಗೆ ಕಲಿಸಿದ್ದು ಮೊದಲನೆಯದನ್ನು. ದೇವರು ಬಂದಾರೆಂದು ಅವನು ಕಂಬಳಿ ಹೊದ್ದು ಮಲಗಿದ.

ಚನ್ನಗಿರಿಯ ಸೂಳೆಕೆರೆಯ ಏರಿಯ ಮೇಲೆ ನಿಂತಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಅಡ್ಡಲಾಗಿ ಎಂಟುನೂರು ವರ್ಷಗಳಿಗೂ ಹಿಂದೆ ಕಟ್ಟಿದ ಏರಿ. ಶಾಂತವ್ವೆಯ ಹೆಸರಿನ ಐತಿಹ್ಯ ಅದಕ್ಕಿದೆ, ಶಾಂತಿಸಾಗರವೆಂಬ ಹೆಸರು ಅದರಿಂದಲೇ. ಹಿಂದಿರುವ ನೀರಿನ ವಿಸ್ತಾರಕ್ಕೆ ಹೋಲಿಸಿದರೆ ಏರಿ ತೀರ ಗಿಡ್ಡ. ನೀರಿಗೆ ಅದು ಶತ್ರುವೇನಲ್ಲ. ಅದಿರುವುದರಿಂದಲೇ ಕೆರೆಯೆಂಬುದಿದೆ, ಕೆಳಗಿನ ಗದ್ದೆಗಳಿವೆ. ಮನೆಯಲ್ಲಿ ಮಕ್ಕಳಿಗೆ ‘ಬೇಡ’ ಎನ್ನುವ ತಂದೆತಾಯಿಯರೆಲ್ಲ ದಬ್ಬಾಳಿಕೆಗಾರರೆಂದು ನಾನು ಹೇಳುತ್ತಿಲ್ಲ. ಏರಿ ಬೇಕು. ಆದರೆ ಅದನ್ನು ಕಟ್ಟಬೇಕಾದ್ದು ಮೊದಲು ಹಿರಿಯರು, ತಮ್ಮೊಳಗೆ.

ಕೆಲವು ತಿಂಗಳ ಮೇಲೆ ಮನೆಗಳ ಆಶೀರ್ವಾದಕ್ಕೆಂದು ಆ ಹಳ್ಳಿಗೆ ಹೋಗಿದ್ದೆ. ಸಂಜೆಯ ಹೊತ್ತು, ಅಂಗಡಿಯಲ್ಲಿ ಇಬ್ಬರು ಮೂವರು ಗಿರಾಕಿಗಳು. ತಾಯಿ ಒಳಗೆ ಕಾಫಿಗೆ ನೀರಿಟ್ಟಿದ್ದರು, ಮಗ ತಕ್ಕಡಿಯ ಬಳಿ ನಿಂತಿದ್ದ. ಕೂಲಿ ಮುಗಿಸಿ ಬಂದ ಮುದುಕಿಯೊಬ್ಬಳಿಗೆ ಬೇಳೆ ತೂಗಿ, ಮುಳ್ಳು ಸರಿಯಾಗಿ ನಿಂತ ಮೇಲೆ, ಬೆರಳ ತುದಿಯಿಂದ ಇನ್ನೊಂದು ಚಿಟಿಕೆ ಹಾಕಿ ಪೊಟ್ಟಣ ಕಟ್ಟಿದ. ಯಾರೂ ಹೇಳಿದ್ದಲ್ಲ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಲೆಯೆತ್ತಲೂ ಇಲ್ಲ. ತಾಯಿಯ ಕೈ ಹಾಗೆಯೇ ಮಾಡುವುದನ್ನು ಚಿಕ್ಕಂದಿನಿಂದ ನೋಡಿ ಬಂದದ್ದಿರಬೇಕು. ಅಷ್ಟರಲ್ಲಿ ಅವರು ಕಾಫಿಯ ಲೋಟ ಹಿಡಿದು ಹೊರಬಂದವರು, ಮಗನ ಕಡೆ ಒಮ್ಮೆ ನೋಡಿ, “ಇನ್ನೂ ಏನೂ ಸುಧಾರಿಸಿಲ್ಲ ಫಾದರ್. ದೇವರ ಭಯ ಅನ್ನೋದೇ ಇಲ್ಲ ಇವನಿಗೆ” ಎಂದರು.